ಸ್ಯಾಕ್ ಯಾರ ಲೆಕ್ಕಕ್ಕೆ?

ಕ್ರಿಕೆಟ್‌ನಲ್ಲಿ ರನೌಟ್ ಆದಾಗ ಔಟಾದವನ ಹೆಸರೇ ಸ್ಕೋರ್‌ಕಾರ್ಡಿಗೆ ಬರುತ್ತದೆ. ಬಾ ಎಂದು ಕರೆದು ಅರ್ಧ ದಾರಿಯಲ್ಲಿ ಬೇಡ ಎಂದ ಜೊತೆಗಾರನ ಹೆಸರು ಎಲ್ಲೂ ಇರುವುದಿಲ್ಲ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಸ್ಯಾಕ್ ಕೂಡ ಹಾಗೇ. ತಂಡದಲ್ಲಿ ಪಾಸ್ ಎಸೆಯುವವನು ಕ್ವಾರ್ಟರ್‌ಬ್ಯಾಕ್. ಚೆಂಡು ಎಸೆಯುವ ಮೊದಲೇ ಅವನನ್ನು ಎದುರಾಳಿ ಹಿಡಿದು ಕೆಡವಿದರೆ ಅದು ಸ್ಯಾಕ್. ಪಟ್ಟಿಯಲ್ಲಿ ಒಂದು ಸಂಖ್ಯೆ ಏರುತ್ತದೆ, ಅಷ್ಟೇ.

ಕಾಲೇಜು ಪಂದ್ಯಗಳ ವಿಡಿಯೊ ನೋಡಿ, ಒಂದೊಂದು ಆಟಕ್ಕೂ ಟಿಪ್ಪಣಿ ಬರೆಯುವುದು ನನ್ನ ಕೆಲಸ. ಇಲ್ಲಿನ ಕನ್ನಡದ ಗೆಳೆಯರು ನನ್ನನ್ನು ಹೆಚ್ಚು ಕೇಳಿದ್ದು ಕೊಲೊರಾಡೊ ವಿಶ್ವವಿದ್ಯಾಲಯ ತಂಡದ ಕ್ವಾರ್ಟರ್‌ಬ್ಯಾಕ್ ಆಗಿದ್ದ ಶೆಡೋರ್ ಸ್ಯಾಂಡರ್ಸ್ ಬಗ್ಗೆ. "ಹುಡುಗ ಚೆನ್ನಾಗಿ ಆಡ್ತಾನೆ, ಅವನ ಲೈನ್ ಸರಿಯಿಲ್ಲ, ಅಲ್ವಾ?" ಲೈನ್ ಅಂದರೆ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯಲು ಅವನ ಮುಂದೆ ನಿಲ್ಲುವ ಐವರು.

2023ರಲ್ಲಿ ಅವನು ಆಡಿದ್ದು 11 ಪಂದ್ಯ, ಸ್ಯಾಕ್ ಆಗಿದ್ದು 52 ಸಲ. ಪೆಟ್ಟಾಗಿ ಕೊನೆಯ ಪಂದ್ಯ ಆಡಲಿಲ್ಲ. ಇಷ್ಟರ ನಡುವೆಯೂ ಅಂಕ ತಂದ ಟಚ್‌ಡೌನ್ ಪಾಸ್ 27, ಎದುರಾಳಿಯ ಕೈಸೇರಿದ ಪಾಸ್, ಅಂದರೆ ಇಂಟರ್‌ಸೆಪ್ಷನ್, 3 ಮಾತ್ರ. 2024ರಲ್ಲಿ 13 ಪಂದ್ಯಕ್ಕೆ 42 ಸ್ಯಾಕ್. ಎಸೆದ ಪಾಸ್ ಮತ್ತು ಸ್ಯಾಕ್ ಎರಡನ್ನೂ ಕೂಡಿಸಿ ನೋಡಿದರೆ, ನೂರಕ್ಕೆ ಸುಮಾರು 11 ಸ್ಯಾಕ್ ಇದ್ದದ್ದು 8ಕ್ಕೆ ಇಳಿಯಿತು. ಕಡಿಮೆಯಾಯಿತು ನಿಜ, ಆದರೆ 8 ಕೂಡ ಜಾಸ್ತಿಯೇ.

ಟಿವಿಯಲ್ಲಿ ನಮ್ಮ ಕಣ್ಣು ಚೆಂಡಿನ ಹಿಂದೆ ಹೋಗುತ್ತದೆ. ನಾನು ಮೊದಲ ಸಲ ಚೆಂಡು ನೋಡುವುದೇ ಇಲ್ಲ. ಮೈದಾನದ ತುದಿಯ ಎಂಡ್‌ಜೋನ್ ಹಿಂದಿನ ಕ್ಯಾಮೆರಾದಿಂದ ಲೈನಿನ ಐವರನ್ನು ನೋಡುತ್ತೇನೆ: ನಡುವೆ ಸೆಂಟರ್, ಅವನ ಎರಡೂ ಕಡೆ ಗಾರ್ಡ್, ತುದಿಗಳಲ್ಲಿ ಟ್ಯಾಕಲ್. ನುಗ್ಗಿ ಬಂದ ಎದುರಾಳಿಗಳು ಎಷ್ಟು ಜನ? ನಾಲ್ವರಾದರೆ ಐವರು ತಡೆಯಬೇಕು. ಆರು ಜನ ಬಂದು, ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ಕೂಡ ತಡೆಯಲು ನಿಲ್ಲದಿದ್ದರೆ ಒಬ್ಬನಿಗೆ ದಾರಿ ಸಿಕ್ಕೇ ಸಿಗುತ್ತದೆ. ಆಗ ಲೈನನ್ನು ಬೈದು ಪ್ರಯೋಜನವಿಲ್ಲ. ಅದನ್ನು ಮೊದಲೇ ಗಮನಿಸಿ ಬೇಗ ಎಸೆಯುವುದು ಕ್ವಾರ್ಟರ್‌ಬ್ಯಾಕ್ ಕೆಲಸ.

ಆಮೇಲೆ ಸ್ಟಾಪ್‌ವಾಚ್. ಸ್ನ್ಯಾಪ್ ಆದ, ಅಂದರೆ ಸೆಂಟರ್ ಚೆಂಡನ್ನು ಹಿಂದಕ್ಕೆ ಕೊಟ್ಟ, ಎರಡು ಸೆಕೆಂಡಿನೊಳಗೆ ಎದುರಾಳಿ ಮೈಮೇಲೆ ಬಿದ್ದರೆ ನಾನು ಹೆಚ್ಚಾಗಿ ಲೈನಿನ ಲೆಕ್ಕಕ್ಕೆ ಹಾಕುತ್ತೇನೆ. ಮೂರು ಸೆಕೆಂಡ್ ದಾಟಿದರೆ ಕ್ವಾರ್ಟರ್‌ಬ್ಯಾಕ್ ಕಡೆ ತಿರುಗುತ್ತೇನೆ. ಆಗಲೂ ಪಾಸ್ ಹಿಡಿಯುವ ರಿಸೀವರ್‌ಗಳಲ್ಲಿ ಒಬ್ಬನಾದರೂ ಬಿಡುವಾಗಿದ್ದನೇ ಎಂದು ನೋಡಿಯೇ ಬರೆಯುವುದು.

ಜನ ಗಮನಿಸದ ಸಂಗತಿ ಪಾದಗಳಲ್ಲಿದೆ. ತುದಿಯಲ್ಲಿ ನಿಂತ ಟ್ಯಾಕಲ್‌ಗೆ ಬೆನ್ನ ಹಿಂದೆ ಕಣ್ಣಿಲ್ಲ. ತನ್ನ ಕ್ವಾರ್ಟರ್‌ಬ್ಯಾಕ್ ಸುಮಾರು 7-8 ಗಜ ಹಿಂದೆ ಇದ್ದಾನೆ ಎಂದು ನಂಬಿ ಅವನು ತಳ್ಳುತ್ತಾನೆ. ಹೊರಗಿನಿಂದ ಸುತ್ತಿ ಬರುವವನನ್ನು ನಿಲ್ಲಿಸಲೇಬೇಕು ಎಂದಿಲ್ಲ, ಆ ಜಾಗದ ಹಿಂದಕ್ಕೆ ದಾಟಿಸಿಬಿಟ್ಟರೆ ಸಾಕು. ಕ್ವಾರ್ಟರ್‌ಬ್ಯಾಕ್ ಒಂದು ಹೆಜ್ಜೆ ಮುಂದೆ ಬಂದರೆ ಆ ಎದುರಾಳಿ ಅವನ ಬೆನ್ನ ಹಿಂದೆ ಹಾದುಹೋಗುತ್ತಾನೆ. ಹಾಗಲ್ಲದೆ ಕ್ವಾರ್ಟರ್‌ಬ್ಯಾಕ್ 11 ಗಜ ಹಿಂದಕ್ಕೆ ಹೋದರೆ, ಟ್ಯಾಕಲ್ ದಾಟಿಸಿದ ಎದುರಾಳಿಯ ಕೈಗೇ ನೇರವಾಗಿ ಸಿಗುತ್ತಾನೆ. ನೋಡುವವರಿಗೆ ಟ್ಯಾಕಲ್ ಸೋತಂತೆ ಕಾಣುತ್ತದೆ. ಅವನು ತನ್ನ ಕೆಲಸ ಸರಿಯಾಗಿಯೇ ಮಾಡಿದ್ದ. ಇಂಥ ಟ್ಯಾಕಲ್‌ಗಳನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಶೆಡೋರ್‌ಗೆ ಈ ಅಭ್ಯಾಸವಿತ್ತು. ಒತ್ತಡ ಬಂದಾಗ ಮುಂದೆ ಬರುವ ಬದಲು ಹಿಂದಕ್ಕೆ ಜಾರುತ್ತಿದ್ದ. ದೊಡ್ಡ ಆಟದ ಆಸೆಯಿಂದ ಚೆಂಡನ್ನು ಕೈಯಲ್ಲೇ ಇಟ್ಟುಕೊಳ್ಳುತ್ತಿದ್ದ. ಆ ಆಸೆ ಎಷ್ಟೋ ಸಲ ಫಲಿಸಿತು. 2024ರಲ್ಲಿ ಅವನ 74 ಶೇಕಡಾ ಪಾಸ್‌ಗಳು ಗುರಿ ಮುಟ್ಟಿದವು, 4,134 ಗಜ ಬಂತು. ಹಾಗಾಗಿ ಅಭ್ಯಾಸ ಬಿಡು ಎಂದು ಹೇಳುವುದು ಯಾವ ಕೋಚ್‌ಗೂ ಸುಲಭವಲ್ಲ, ತಂದೆಯೇ ಮುಖ್ಯ ಕೋಚ್ ಆಗಿದ್ದರೂ.

ಲೈನಿನ ಕಷ್ಟವೂ ಸುಳ್ಳಲ್ಲ. ಕೊಲೊರಾಡೊ ಚೆಂಡು ಹಿಡಿದು ಓಡುವುದರಲ್ಲಿ ದೇಶದಲ್ಲೇ ತೀರಾ ಕೆಳಗಿತ್ತು. ಓಟದ ಭಯ ಇಲ್ಲದಿದ್ದರೆ ಡಿಫೆನ್ಸ್‌ನವರು ಯೋಚನೆ ಮಾಡದೆ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುತ್ತಾರೆ. ಇಲ್ಲಿ ಒಂದು ನಿಯಮವನ್ನೂ ತಿಳಿದಿರಬೇಕು. ಕಾಲೇಜು ಆಟದಲ್ಲಿ ಸ್ಯಾಕ್‌ನಲ್ಲಿ ಕಳೆದುಕೊಂಡ ಗಜಗಳನ್ನು ಓಟದ ಲೆಕ್ಕದಿಂದ ಕಳೆಯುತ್ತಾರೆ. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಅದು ತಂಡದ ಪಾಸ್ ಲೆಕ್ಕಕ್ಕೆ ಹೋಗುತ್ತದೆ. ಅಂದರೆ ಕೊಲೊರಾಡೊದ ಓಟದ ಅಂಕಿ ಅಷ್ಟು ಕೆಟ್ಟದಾಗಿ ಕಾಣಲು ಸ್ಯಾಕ್‌ಗಳೂ ಒಂದು ಕಾರಣ. ಸುಮ್ನೆ ಪಟ್ಟಿ ನೋಡಿ ರನ್ನಿಂಗ್ ಬ್ಯಾಕ್‌ಗಳನ್ನು ದೂರಬಾರದು.

ಗೆಳೆಯರಿಗೆ ನಾನು ಕೊಟ್ಟ ಉತ್ತರ ಇದು: 2023ರಲ್ಲಿ ಹೆಚ್ಚಿನ ಪಾಲು ಲೈನಿನದು. 2024ರಲ್ಲಿ ಜಾರ್ಡನ್ ಸೀಟನ್ ಎಂಬ ಮೊದಲ ವರ್ಷದ ಹುಡುಗ ಎಡ ಟ್ಯಾಕಲ್ ಆಗಿ ಬಂದ. ಬಲಗೈಯಲ್ಲಿ ಎಸೆಯುವವನ ಬೆನ್ನು ಕಾಯುವ ಜಾಗ ಅದು. ಲೈನ್ ಗಟ್ಟಿಯಾಯಿತು, ಶೆಡೋರ್ ಪಾದಗಳು ಅಷ್ಟಾಗಿ ಬದಲಾಗಲಿಲ್ಲ. ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ 2025ರ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ ಅವನನ್ನು ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಆರಿಸಿಕೊಂಡಿದ್ದು ಐದನೇ ಸುತ್ತಿನಲ್ಲಿ, 144ನೆಯವನಾಗಿ. ಅದಕ್ಕೆ ಬೇರೆ ಕಾರಣಗಳ ಚರ್ಚೆಯೂ ನಡೆಯಿತು. ನನ್ನ ಟಿಪ್ಪಣಿಯಲ್ಲಿ ಮಾತ್ರ ಮತ್ತೆ ಮತ್ತೆ ಬಂದಿದ್ದು ಒಂದೇ ಸಾಲು: "ಮುಂದೆ ಜಾಗ ಇತ್ತು, ಹಿಂದೆ ಹೋದ."