ಜಿಫಿ ಅಂದ್ರೆ ಎಷ್ಟು ಹೊತ್ತು?

ಅಡುಗೆಮನೆಯಿಂದ ಅಮ್ಮ ಕರೆದರೆ ಕೂತಲ್ಲಿಂದಲೇ "ಬಂದೆ" ಅನ್ನುತ್ತೇವೆ. ಇನ್ನೂ ಎದ್ದೇ ಇರುವುದಿಲ್ಲ. ಮಾತಿನಲ್ಲಿ ಮಾತ್ರ ಆಗಲೇ ಬಂದು ನಿಂತಾಗಿದೆ! ಇಂಗ್ಲಿಷಿನವರು ಇಂಥ ಕಡೆ "ಇನ್ ಎ ಜಿಫಿ" ಅನ್ನುತ್ತಾರೆ. ಚಿಟಿಕೆ ಹೊಡೆಯೋದರೊಳಗೆ ಬಂದುಬಿಡ್ತೀನಿ ಅಂತ. ಸಲುಗೆಯ ಮಾತು ಅದು, ರಜೆ ಅರ್ಜಿಯಲ್ಲಿ ಬರೆಯುವಂಥದ್ದಲ್ಲ. ಅವಸರ ಇನ್ನೂ ಜಾಸ್ತಿ ತೋರಿಸಬೇಕಾದರೆ "ಅರ್ಧ ಜಿಫಿ" ಅನ್ನೋರೂ ಇದ್ದಾರೆ.

ಪದ ಅಚ್ಚಿನಲ್ಲಿ ಕಾಣಿಸಿಕೊಂಡಿದ್ದು 18ನೇ ಶತಮಾನದ ಕೊನೆಗೆ. ಎಲ್ಲಿಂದ ಬಂತು ಅನ್ನೋದು ನಿಘಂಟು ಮಾಡುವವರಿಗೂ ತಿಳಿದಿಲ್ಲ. ಕಳ್ಳರ ಗುಟ್ಟಿನ ಭಾಷೆಯಲ್ಲಿ ಮಿಂಚಿಗೆ ಜಿಫಿ ಅಂತಿದ್ದರು ಎಂಬ ಕಥೆಯೊಂದಿದೆ. ಕಥೆ ಚೆನ್ನಾಗಿದೆ, ಪುರಾವೆ ಇಲ್ಲ.

ಜಿಫಿ ಅಂದ್ರೆ ಸುಮ್ನೆ ಮಾತಿಗೆ ಹೇಳೋದು, ಅದಕ್ಕೆಲ್ಲಿಯ ಅಳತೆ ಅಂತ ನಾನೂ ಅಂದುಕೊಂಡಿದ್ದೆ. ಅಳತೆ ಇದೆ. ಒಂದಲ್ಲ, ಹಲವು. ಅಮೆರಿಕದ ರಸಾಯನವಿಜ್ಞಾನಿ ಗಿಲ್ಬರ್ಟ್ ಲೂಯಿಸ್ ಒಂದು ಲೆಕ್ಕ ಹಾಕಿಕೊಟ್ಟರು. ಬೆಳಕಿನ ಕಣಕ್ಕೆ ಫೋಟಾನ್ ಎಂಬ ಹೆಸರನ್ನು 1926ರಲ್ಲಿ ಬಳಕೆಗೆ ತಂದವರು ಇವರೇ. ಬೆಳಕು ನಿರ್ವಾತದಲ್ಲಿ ಒಂದು ಸೆಂಟಿಮೀಟರ್ ಹೋಗಲು ಹಿಡಿಯುವ ಹೊತ್ತೇ ಒಂದು ಜಿಫಿ. ಒಂದು ಸೆಕೆಂಡಿಗೆ ಸುಮಾರು 3,000 ಕೋಟಿ ಜಿಫಿ ಆಯಿತು. ಇದನ್ನು ಓದುತ್ತಿರುವ ಮೊಬೈಲನ್ನು ಮುಖದಿಂದ 30 ಸೆಂಟಿಮೀಟರ್ ದೂರ ಹಿಡಿದಿದ್ದೀರಿ ಅಂತಿಟ್ಟುಕೊಳ್ಳಿ. ಅಕ್ಷರದ ಬೆಳಕು ನಿಮ್ಮ ಕಣ್ಣಿಗೆ ಬಂದದ್ದು 30 ಜಿಫಿ ತಡವಾಗಿ.

ಕರೆಂಟಿನವರದು ಬೇರೆ ಲೆಕ್ಕ. ಹಿಂದೆ ಮುಂದೆ ದಿಕ್ಕು ಬದಲಿಸುತ್ತ ಹರಿಯುವ ಎಸಿ ವಿದ್ಯುತ್ತಿನ ಒಂದು ಸುತ್ತೇ ಅವರ ಜಿಫಿ. ಅಮೆರಿಕದಲ್ಲಿ ಸೆಕೆಂಡಿನ 60ನೇ ಒಂದು ಭಾಗ, ನಮ್ಮ ಮನೆಯ ಪ್ಲಗ್ಗಿನಲ್ಲಿ 50ನೇ ಒಂದು ಭಾಗ.

ನನಗೆ ಎಲ್ಲಕ್ಕಿಂತ ಇಷ್ಟ ಕಂಪ್ಯೂಟರಿನ ಜಿಫಿ. ವಿಂಡೋಸಿನಂತೆ ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ತಂತ್ರಾಂಶದ ಕೋಡಿನಲ್ಲಿ ಮೊದಲ ಸಲ 'ಜಿಫೀಸ್' ಅಂತ ನೋಡಿದಾಗ ಯಾರೋ ತಮಾಷೆಗೆ ಇಟ್ಟ ಹೆಸರು ಅನ್ನಿಸಿತ್ತು. ರಾತ್ರಿ ಬೀದಿಯಲ್ಲಿ ಗೂರ್ಖಾ ಲಾಠಿ ಕುಟ್ಟಿಕೊಂಡು ಹೋಗ್ತಾನಲ್ಲ, ಅದೇ ತರಹ ಕಂಪ್ಯೂಟರಿನೊಳಗೆ ಒಂದು ಟೈಮರ್ ತಪ್ಪದೆ ಟಕ್ ಟಕ್ ಅನ್ನುತ್ತಿರುತ್ತದೆ. ಎರಡು ಟಕ್‌ಗಳ ನಡುವಿನ ಹೊತ್ತು ಒಂದು ಜಿಫಿ. ಸೆಟ್ಟಿಂಗ್ ಹೇಗಿದೆಯೋ ಹಾಗೆ ಸೆಕೆಂಡಿಗೆ 100, 250 ಅಥವಾ 1,000. ಪ್ರತಿ ಟಕ್‌ಗೂ ಯಂತ್ರ ತಲೆಯೆತ್ತಿ ನೋಡುತ್ತದೆ: ಈ ಕೆಲಸಕ್ಕೆ ಕೊಟ್ಟ ಹೊತ್ತು ಮುಗಿಯಿತಾ, ಬೇರೆ ಯಾರದ್ದಾದರೂ ಸರದಿ ಇದೆಯಾ? ಶಾಲೆಯಲ್ಲಿ ಪೀರಿಯಡ್ ಬೆಲ್ ಇದ್ದ ಹಾಗೆ. ಬೆಲ್ ಇಲ್ಲದಿದ್ದರೆ ಗಣಿತದ ಮೇಷ್ಟ್ರು ಆಟದ ಪೀರಿಯಡ್ಡನ್ನೂ ನುಂಗಿಹಾಕುತ್ತಿದ್ದರು, ಅಲ್ವಾ?

ಆಗಿಹೋದ ಟಕ್‌ಗಳನ್ನೆಲ್ಲ ಎಣಿಸಿಡಲು ಒಂದು ಮೀಟರ್ ಬೇಕು. ಹಳೆಯ 32 ಬಿಟ್ ಯಂತ್ರಗಳಲ್ಲಿ ಅದು ಸುಮಾರು 429 ಕೋಟಿವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ. ಸ್ಕೂಟರಿನ ಮೀಟರ್ 99999 ಆದಮೇಲೆ 00000 ಆದಂತೆ. ಸೆಕೆಂಡಿಗೆ 1,000 ಟಕ್ ಆದರೆ ಇದಕ್ಕೆ ಹಿಡಿಯುವುದು 49.7 ದಿನ. ಆ ಗಳಿಗೆಯಲ್ಲಿ ಯಾವನೋ ಬರೆದ ಅರೆಬರೆ ಕೋಡು "ಅರೆ, ಕಾಲ ಹಿಂದಕ್ಕೆ ಹೋಯಿತು" ಅಂತ ತಿಳಿದು ಮುಗ್ಗರಿಸುತ್ತದೆ. ವಿಂಡೋಸ್ 95 ಇಷ್ಟೇ ದಿನಕ್ಕೆ ನಿಂತುಹೋಗುತ್ತಿದ್ದದ್ದು ಇಂಥದ್ದೇ ಮಿಲಿಸೆಕೆಂಡ್ ಮೀಟರಿನಿಂದ.

ತಪ್ಪು ಹುಡುಕಲು ಯಾರು 49 ದಿನ ಕಾಯುತ್ತಾರೆ? ಲಿನಕ್ಸಿನವರು ಮೀಟರನ್ನು ಸೊನ್ನೆಯಿಂದ ಶುರು ಮಾಡಲೇ ಇಲ್ಲ. ತಿರುಗಿ ಸೊನ್ನೆಯಾಗಲು ಐದು ನಿಮಿಷ ಬಾಕಿ ಇರುವ ಸಂಖ್ಯೆಯಿಂದ ಶುರು ಮಾಡಿದರು. ಹೊಸ ಸ್ಕೂಟರಿಗೆ ಶೋರೂಮಿನಲ್ಲೇ 99995 ಇಟ್ಟು ಕೊಟ್ಟ ಹಾಗೆ. ಎಡವುವುದಿದ್ದರೆ ಮನೆಯಂಗಳದಲ್ಲೇ ಎಡವಲಿ ಅಂತ. ಈ ಜಾಣತನಕ್ಕೆ ನಾನು ಈಗಲೂ ತಲೆದೂಗುತ್ತೇನೆ.

ಅಳತೆಯ ಮಾತು ಬಂದಾಗ ನಮ್ಮ ನಿಮಿಷವನ್ನೂ ನೋಡಬೇಕು. ನಿಮಿಷ ಅಂದರೆ ಮೂಲದಲ್ಲಿ ರೆಪ್ಪೆ ಬಡಿಯುವಷ್ಟು ಹೊತ್ತು. ಈಗ ಅದು ಉಬ್ಬಿ 60 ಸೆಕೆಂಡ್ ಆಗಿದೆ. ಹಳೆಯ ನಿಮಿಷ ಎಷ್ಟು ಉದ್ದ? ಮನುಸ್ಮೃತಿಯ ಕೋಷ್ಟಕ ಹಿಡಿದರೆ 0.18 ಸೆಕೆಂಡ್. ವಿಷ್ಣುಪುರಾಣದ ಪ್ರಕಾರ 0.21. 12ನೇ ಶತಮಾನದ ಭಾಸ್ಕರಾಚಾರ್ಯರ ಲೆಕ್ಕದಲ್ಲಿ 0.09. ನಿಜವಾದ ರೆಪ್ಪೆ ಬಡಿತ ಸೆಕೆಂಡಿನ ಹತ್ತನೇ ಒಂದು ಭಾಗದಿಂದ ಹತ್ತನೇ ನಾಲ್ಕು ಭಾಗದವರೆಗೆ ಇರುತ್ತದೆ. ಹಾಗಾಗಿ ಹಳಬರ ಅಂದಾಜು ಮೆಚ್ಚುವಂಥದ್ದೇ.

ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ವಾಟ್ಸಾಪಿನಲ್ಲಿ ಇನ್ನೊಂದು ಓಡಾಡುತ್ತಿದೆ. ವಿಜಯನಗರದ ಕಾಲದ ಸಾಯಣಾಚಾರ್ಯರು ಬೆಳಕಿನ ವೇಗವನ್ನು ಕರಾರುವಾಕ್ಕಾಗಿ ಹೇಳಿಬಿಟ್ಟಿದ್ದರಂತೆ. ಋಗ್ವೇದದ ಭಾಷ್ಯದಲ್ಲಿ ಅವರು ಸೂರ್ಯನನ್ನು "ಅರ್ಧ ನಿಮಿಷಕ್ಕೆ 2,202 ಯೋಜನ ಸಾಗುವವನೇ, ನಿನಗೆ ನಮಸ್ಕಾರ" ಎಂದು ಸ್ತುತಿಸುವ ಮಾತನ್ನು ಉಲ್ಲೇಖಿಸಿರುವುದು ನಿಜ. ಆದರೆ ಉತ್ತರ ಸರಿಯಾಗಿ ಬರಬೇಕಾದರೆ ನಿಮಿಷಕ್ಕೆ 0.21 ಸೆಕೆಂಡನ್ನೇ ಹಿಡಿಯಬೇಕು, ಯೋಜನಕ್ಕೆ ಒಂಬತ್ತು ಮೈಲಿಯನ್ನೇ ಹಿಡಿಯಬೇಕು. ಯೋಜನವೂ ಗ್ರಂಥದಿಂದ ಗ್ರಂಥಕ್ಕೆ ಬದಲಾಗುತ್ತದೆ. ಭಾಸ್ಕರಾಚಾರ್ಯರ ನಿಮಿಷ ಹಾಕಿ ನೋಡಿ, ವೇಗ ಎರಡು ಪಟ್ಟಿಗಿಂತ ಜಾಸ್ತಿ ಆಗುತ್ತದೆ. ಉತ್ತರ ನೋಡಿಕೊಂಡು ಲೆಕ್ಕ ಮಾಡೋದನ್ನು ನಾವೆಲ್ಲ ಹೈಸ್ಕೂಲಿನಲ್ಲೇ ಕಲಿತವರು.

ಅಂದಹಾಗೆ, ದೇವತೆಗಳಿಗೆ ಅನಿಮಿಷರು ಅಂತ ಹೆಸರಿದೆ. ಅವರು ರೆಪ್ಪೆ ಬಡಿಯುವುದೇ ಇಲ್ಲ. "ಒಂದ್ನಿಮಿಷ ತಾಳು, ಬಂದೆ" ಅಂತ ಅವರಿಗೆ ಹೇಳಿದರೆ ಎಷ್ಟು ಹೊತ್ತು ಕಾಯುತ್ತಾರೋ!