ಗಡಿಯಲ್ಲಿ ಜಗಳವಿದ್ದರೂ ಚೀನಾ ಜೊತೆ ವ್ಯಾಪಾರವೇಕೆ?

ಪ್ರಶ್ನೆ: ನಮ್ಮ ಅದಿರನ್ನು ಚೀನಾಕ್ಕೆ ಮಾರಿದೆವು, ಅಲ್ಲಿನ ಸರಕನ್ನು ಇಂದಿಗೂ ಕೊಳ್ಳುತ್ತಿದ್ದೇವೆ. ನಮ್ಮ ಸೈನಿಕರನ್ನು ಕೊಂದ ದೇಶದೊಂದಿಗೆ ಸರ್ಕಾರ ವ್ಯಾಪಾರವನ್ನೇ ಏಕೆ ನಿಲ್ಲಿಸುವುದಿಲ್ಲ?
– ಸಂಡೂರಿನ ಓದುಗರೊಬ್ಬರು

ನಿಮ್ಮ ಸಿಟ್ಟು ನನಗೂ ಇದೆ. 2020ರ ಜೂನ್ 15ರ ರಾತ್ರಿ ಗಾಲ್ವಾನ್ ಕಣಿವೆಯಲ್ಲಿ 20 ಯೋಧರನ್ನು ಕಳೆದುಕೊಂಡೆವು. ಆ ತಿಂಗಳೇ ಕೇಂದ್ರ ಸರ್ಕಾರ ಚೀನಾ ಮೂಲದ 59 ಆ್ಯಪ್‌ಗಳನ್ನು ನಿಷೇಧಿಸಿತು. ಆದರೂ 2024–25ರಲ್ಲಿ ಚೀನಾದಿಂದ ನಾವು ತರಿಸಿಕೊಂಡ ಸರಕಿನ ಮೌಲ್ಯ ಸುಮಾರು 113 ಶತಕೋಟಿ ಡಾಲರ್. ಕಳುಹಿಸಿದ್ದು ಬರೀ 14 ಶತಕೋಟಿಯದು.

ಬರುವುದು ಆಟಿಕೆ, ದೀಪದ ಸರವಷ್ಟೇ ಆಗಿದ್ದರೆ ನಾಳೆಯೇ ನಿಲ್ಲಿಸಬಹುದಿತ್ತು. ಮಾತ್ರೆ ತಯಾರಿಸುವ ಕಚ್ಚಾ ರಾಸಾಯನಿಕ, ಮೊಬೈಲ್ ಬಿಡಿಭಾಗ, ಯಂತ್ರಗಳೂ ಅಲ್ಲಿಂದಲೇ ಬರುತ್ತವೆ. 2025ರ ಏಪ್ರಿಲ್‌ನಲ್ಲಿ ಚೀನಾ ವಾಹನಗಳ ಮೋಟಾರಿಗೆ ಬೇಕಾದ ಕೆಲವು ಆಯಸ್ಕಾಂತಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದ್ದೇ ತಡ, ನಮ್ಮ ವಾಹನ ತಯಾರಕರು ಕಂಗಾಲಾದರು. ಯಾರ ಕೈಯಲ್ಲಿ ಯಾರ ಜುಟ್ಟಿದೆ ಎಂಬುದು ಆಗ ತಿಳಿಯಿತು.

ಇನ್ನು ಕಬ್ಬಿಣದ ಅದಿರಿನ ವಿಷಯ. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚಿನ ವರ್ಷಗಳನ್ನು ಬಳ್ಳಾರಿಯವರು ಮರೆಯಲಾರರು. ಹಗಲಿರುಳು ಚೀನಾಕ್ಕೆ ಹೋಗುವ ಅದಿರು ಹೊತ್ತ ಲಾರಿಗಳ ಸಾಲು. ರಸ್ತೆ ಬದಿಯ ಬೇವಿನ ಎಲೆಗಳ ಮೇಲೆ ಬೆರಳಾಡಿಸಿದರೆ ಕೆಂಪು ಅಂಟುತ್ತಿತ್ತು, ಬೆಳಿಗ್ಗೆ ಒಗೆದು ಹರವಿದ ಪಂಚೆ ಸಂಜೆಗೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿತ್ತು. 2010ರಲ್ಲಿ ರಾಜ್ಯ ಸರ್ಕಾರ ರಫ್ತು ತಡೆಯಿತು, ಮರುವರ್ಷ ಸುಪ್ರೀಂ ಕೋರ್ಟ್ ಗಣಿಗಾರಿಕೆಯನ್ನೇ ನಿಲ್ಲಿಸಿತು. 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ಇಲ್ಲಿನ ಅದಿರಿನ ರಫ್ತಿಗೆ ಮತ್ತೆ ಅನುಮತಿ ಕೊಟ್ಟರೆ, ಅದೇ ತಿಂಗಳು ಕೇಂದ್ರ ಸರ್ಕಾರ ರಫ್ತು ಸುಂಕವನ್ನು ಶೇ 50ಕ್ಕೆ ಏರಿಸಿತು! ನವೆಂಬರ್‌ನಲ್ಲಿ ಇಳಿಸಿತು.

ಈ ಹಾವು ಏಣಿ ಆಟದ ಹಿಂದೆ ಯಾರಿದ್ದಾರೆಂದು ನೋಡಲು ದೆಹಲಿಗೆ ಹೋಗಬೇಕಿಲ್ಲ, ನಿಮ್ಮ ತಾಲ್ಲೂಕೇ ಸಾಕು. ಗಣಿ ಮಾಲೀಕರಿಗೆ ರಫ್ತು ಬೇಕು. ತೋರಣಗಲ್ಲಿನಂಥ ಉಕ್ಕಿನ ಕಾರ್ಖಾನೆಗಳಿಗೆ ಅದಿರು ಇಲ್ಲೇ ಅಗ್ಗವಾಗಿ ಸಿಗಬೇಕು, ಹೊರಗಿನ ಅಗ್ಗದ ಉಕ್ಕು ಬರಬಾರದು. ಶೆಡ್ ಕಟ್ಟಿಸುವ ರೈತನಿಗೆ ತಗಡು ಎಲ್ಲಿಂದ ಬಂದರೂ ಸರಿ, ಬೆಲೆ ಇಳಿಯಬೇಕು. ಕೇಂದ್ರವು 2025ರ ಏಪ್ರಿಲ್‌ನಲ್ಲಿ ಕೆಲವು ಬಗೆಯ ಉಕ್ಕಿನ ಆಮದಿಗೆ ಶೇ 12ರಷ್ಟು ತಾತ್ಕಾಲಿಕ ರಕ್ಷಣಾ ಸುಂಕ ಹಾಕಿದಾಗ ಆಲಿಸಿದ್ದು ಕಾರ್ಖಾನೆಯವರ ಮಾತನ್ನು.

ವ್ಯಾಪಾರವನ್ನು ಒಮ್ಮೆಲೇ ಕಡಿದರೆ ಪೆಟ್ಟು ಹೆಚ್ಚು ಬೀಳುವುದು ನಮಗೇ. ಯಾವ ಸರಕಿಗೆ ಚೀನಾ ಬಿಟ್ಟರೆ ಗತಿಯಿಲ್ಲವೋ ಅದನ್ನು ಮೊದಲು ಇಲ್ಲೇ ತಯಾರಿಸಬೇಕು, ಇಲ್ಲವೇ ಬೇರೆ ದೇಶದಿಂದ ತರಬೇಕು. ಅದಕ್ಕೆ ವರ್ಷಗಳು ಹಿಡಿಯುತ್ತವೆ. ಆದರೆ ಸಂಡೂರಿನ ಗುಡ್ಡ ಮಣ್ಣಾಗಿ ಹಡಗು ಹತ್ತುವುದನ್ನು ತಡೆಯಲು ಅಷ್ಟು ಕಾಲ ಕಾಯಬೇಕಿಲ್ಲ. ಹೋಗುವುದಿದ್ದರೆ ಅದು ಉಕ್ಕಾಗಿ ಹೋಗಲಿ.