ಎನರ್ಜಿ ಕಂಪನಿ ಇಂಟರ್‌ವ್ಯೂ: ಕಾನೂನು ಬಾಯಿಪಾಠ ಮಾಡ್ಬೇಕಾ?

ಪ್ರಶ್ನೆ: ನಾನು ಡೊಂಬಿವಲಿಯವಳು. ಎನ್ವಿರಾನ್ಮೆಂಟಲ್ ಎಂಜಿನಿಯರಿಂಗ್ ಮುಗಿಸಿ ಒಂದು ಕನ್ಸಲ್ಟೆನ್ಸಿಯಲ್ಲಿದ್ದೇನೆ. ಚೆಂಬೂರು ಕಡೆಯ ದೊಡ್ಡ ಎನರ್ಜಿ ಕಂಪನಿಯಿಂದ ಇಂಟರ್‌ವ್ಯೂ ಕರೆ ಬಂದಿದೆ. ಏನೇನು ಕೇಳ್ತಾರೆ? ಕಾನೂನೆಲ್ಲ ಬಾಯಿಪಾಠ ಮಾಡ್ಬೇಕಾ?

ಬಾಯಿಪಾಠ ಬೇಡ. 1974ರ ವಾಟರ್ ಆಕ್ಟ್, 1981ರ ಏರ್ ಆಕ್ಟ್, 2006ರ ಇಐಎ (ಪರಿಸರ ಪರಿಣಾಮದ ಅಂದಾಜು) ಅಧಿಸೂಚನೆ, 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಯಾವ ಕೆಲಸಕ್ಕೆ ಬರುತ್ತವೆ ಅಂತ ಗೊತ್ತಿದ್ದರೆ ಸಾಕು. ಸೆಕ್ಷನ್ ನಂಬರ್ ತಪ್ಪಿದರೆ ಯಾರೂ ಬಾಗಿಲು ತೋರಿಸೋದಿಲ್ಲ. ಆದರೆ ಕನ್ಸೆಂಟ್ ಪತ್ರ, ಅಂದರೆ ಅನುಮತಿ ಪತ್ರ, ಓದಲು ಬರಲೇಬೇಕು. ಪ್ಲಾಂಟ್ ಕಟ್ಟುವ ಮೊದಲು ಒಂದು, ನಡೆಸಲು ಇನ್ನೊಂದು ಕನ್ಸೆಂಟ್ ಅನ್ನು ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಪಡೆಯಬೇಕು. ಎಷ್ಟು ನೀರು ಹೊರಗೆ ಬಿಡಬಹುದು, ಯಾವ ಚಿಮಣಿಯಿಂದ ಎಷ್ಟು ಹೊಗೆ ಅನ್ನೋದೆಲ್ಲ ಅದರಲ್ಲೇ ಇರುತ್ತದೆ. ನೀವು ಸೇರಿದ ಮೇಲೆ ದಿನವೂ ನೋಡಬೇಕಾದ ಕಾಗದ ಅದು. ಪ್ರತಿ ವರ್ಷ ಸೆಪ್ಟೆಂಬರ್ 30ರೊಳಗೆ ಕೊಡಬೇಕಾದ ಫಾರ್ಮ್ 5 (ವಾರ್ಷಿಕ ಪರಿಸರ ವರದಿ) ಏನು ಅಂತಲೂ ನೋಡಿಕೊಂಡು ಹೋಗಿ.

ಟೆಕ್ನಿಕಲ್ ಪ್ರಶ್ನೆಗಳು ಜಾಸ್ತಿ ಬರೋದು ನಿಮ್ಮ ರೆಸ್ಯೂಮೆಯಿಂದಲೇ. 'ಇಟಿಪಿ (ಕಾರ್ಖಾನೆಯ ಕೊಳಚೆ ನೀರು ಶುದ್ಧೀಕರಣ ಘಟಕ) ಪರಿಶೀಲಿಸಿದ್ದೇನೆ' ಅಂತ ಬರೆದಿದ್ದರೆ ಹಿಡಿದುಕೊಳ್ಳುತ್ತಾರೆ. ಉದಾಹರಣೆಗೆ, 'ಏರೇಶನ್ ಟ್ಯಾಂಕಿನ ನೀರನ್ನು ಒಂದು ಲೀಟರ್ ಸಿಲಿಂಡರಿನಲ್ಲಿ ಅರ್ಧ ಗಂಟೆ ಇಟ್ಟಾಗ ಸ್ಲಡ್ಜ್ (ಕೆಳಗೆ ಕೂರುವ ಕೆಸರು) 600 ಮಿ.ಲೀ. ಗುರುತಿನಲ್ಲಿ ನಿಂತಿದೆ. ಎಂಎಲ್‌ಎಸ್‌ಎಸ್ (ನೀರಲ್ಲಿ ತೇಲುತ್ತಿರುವ ಘನಪದಾರ್ಥ) ಲೀಟರಿಗೆ 3000 ಮಿ.ಗ್ರಾಂ. ಏನು ಹೇಳ್ತೀರಿ?' ಲೆಕ್ಕ ಸುಲಭ: 600 ಮಿ.ಲೀ.ಯನ್ನು 3 ಗ್ರಾಂನಿಂದ ಭಾಗಿಸಿ. ಒಂದು ಗ್ರಾಂ ಸ್ಲಡ್ಜ್ ಹಿಡಿಯುವ ಜಾಗ, ಅಂದರೆ ಎಸ್‌ವಿಐ 200. ಸಾಮಾನ್ಯವಾಗಿ 150 ದಾಟಿದರೆ ಸ್ಲಡ್ಜ್ ಸರಿಯಾಗಿ ಕೂರುತ್ತಿಲ್ಲ ಅಂತ ಅರ್ಥ. ಅಷ್ಟಕ್ಕೇ ನಿಲ್ಲಿಸಬೇಡಿ. ಟ್ಯಾಂಕಿನಲ್ಲಿ ಆಕ್ಸಿಜನ್ ಎಷ್ಟಿದೆ? ಸಾರಜನಕ, ರಂಜಕ ಕಡಿಮೆಯಾಗಿವೆಯಾ? ರಿಫೈನರಿ ಆದರೆ ನೀರಿನಿಂದ ಎಣ್ಣೆ ಬೇರ್ಪಡಿಸುವ ಎಪಿಐ ಸೆಪರೇಟರ್ ದಾಟಿ ಎಣ್ಣೆ ಒಳಗೆ ಬಂತಾ? ಸಲ್ಫೈಡ್ ಏರಿದೆಯಾ? ಮೈಕ್ರೋಸ್ಕೋಪಿನಲ್ಲಿ ದಾರದಂಥ ಬ್ಯಾಕ್ಟೀರಿಯಾ ಕಾಣುತ್ತಾ? ಯಾವುದನ್ನು ಮೊದಲು ನೋಡ್ತೀರಿ, ಯಾಕೆ ಅಂತ ಹೇಳಿ. ಅವರಿಗೆ ಬೇಕಿರೋದು ಆ ಕ್ರಮ. ಹಾಗೇ, ವಿದೇಶಿ ಪುಸ್ತಕ ಓದಿದವರು ಬಿಒಡಿ (ನೀರಿನ ಕೊಳೆ ಕರಗಿಸಲು ಬ್ಯಾಕ್ಟೀರಿಯಾಕ್ಕೆ ಬೇಕಾಗುವ ಆಕ್ಸಿಜನ್) ಪರೀಕ್ಷೆ ಅಂದರೆ 20 ಡಿಗ್ರಿಯಲ್ಲಿ ಐದು ದಿನ ಅಂದುಬಿಡ್ತಾರೆ. ನಮ್ಮಲ್ಲಿ ಮಿತಿ ಬರೆದಿರೋದು 27 ಡಿಗ್ರಿಯಲ್ಲಿ ಮೂರು ದಿನಕ್ಕೆ.

ಕನ್ಸಲ್ಟೆನ್ಸಿಯಿಂದ ಬಂದವರು ಇನ್ನೊಂದು ಕಡೆ ಸಿಕ್ಕಿಬೀಳ್ತಾರೆ. 'ನಾವು ಮಾಡಿದೆವು' ಅಂತಲೇ ಹೇಳುತ್ತಾ ಹೋದರೆ 'ಅದರಲ್ಲಿ ನೀವು ಮಾಡಿದ್ದೇನು?' ಅನ್ನೋ ಪ್ರಶ್ನೆ ಖಂಡಿತ. ಸ್ಯಾಂಪಲ್ ತಂದಿದ್ದಷ್ಟೇ ನಿಮ್ಮ ಕೆಲಸವಾಗಿದ್ದರೆ ಅಷ್ಟೇ ಹೇಳಿ. ಬಾಟಲಿಗೆ ಆ್ಯಸಿಡ್ ಯಾಕೆ ಹಾಕಿದಿರಿ, ಐಸಿನಲ್ಲಿ ಯಾಕೆ ಇಟ್ಟಿರಿ ಅಂತ ವಿವರಿಸಿದರೆ ಅದೇ ಒಳ್ಳೆ ಉತ್ತರ.

ನನ್ನ ಪ್ರಕಾರ ಇಂಟರ್‌ವ್ಯೂ ನಿಜವಾಗಿ ನಿರ್ಧಾರವಾಗೋದು ಈ ಪ್ರಶ್ನೆಯಲ್ಲಿ: 'ರಾತ್ರಿ ಚಿಮಣಿಯ ಆನ್‌ಲೈನ್ ಮೀಟರ್ ಮಿತಿ ದಾಟಿದೆ. ಲೋಡ್ ಇಳಿಸೋಕಾಗಲ್ಲ ಅಂತ ಪ್ರೊಡಕ್ಷನ್‌ನವರು ಹೇಳ್ತಿದ್ದಾರೆ. ಏನು ಮಾಡ್ತೀರಿ?' 'ತಕ್ಷಣ ಪ್ಲಾಂಟ್ ನಿಲ್ಲಿಸ್ತೀನಿ' ಅನ್ನೋದು ಸಿನಿಮಾ ಡೈಲಾಗ್. 'ಮೇಲಿನವರು ಹೇಳಿದಂತೆ' ಅನ್ನೋದು ಅದಕ್ಕಿಂತ ಕೆಟ್ಟದ್ದು. ಮೀಟರ್ ಸರಿಯಿದೆಯಾ, ಕ್ಯಾಲಿಬ್ರೇಶನ್ ಯಾವಾಗ ಆಗಿತ್ತು ಅಂತ ಮೊದಲು ನೋಡ್ತೀನಿ ಅನ್ನಿ. ನಿಜವಾಗಿ ದಾಟಿದ್ದರೆ ಶಿಫ್ಟ್ ಇನ್‌ಚಾರ್ಜ್‌ಗೆ ಬರವಣಿಗೆಯಲ್ಲಿ ತಿಳಿಸ್ತೀನಿ, ಇಂಧನ ಬದಲಿಸಬಹುದಾ ಕೇಳ್ತೀನಿ, ಆಗದಿದ್ದರೆ ಲೋಡ್ ಇಳಿಸಿ ಅಂತ ಪಟ್ಟು ಹಿಡೀತೀನಿ ಅನ್ನಿ. ಮೀಟರಿನ ಅಂಕಿಅಂಶ ಮಂಡಳಿಯ ಸರ್ವರಿಗೆ ನೇರ ಹೋಗುತ್ತದೆ, ಮುಚ್ಚಿಡೋ ಪ್ರಶ್ನೆಯೇ ಇಲ್ಲ ಅನ್ನೋದು ನಿಮಗೆ ಗೊತ್ತಿದೆ ಅಂತ ಅವರಿಗೆ ಕಾಣಬೇಕು.

ಚೆಂಬೂರು ಅಂದಮೇಲೆ ಪಕ್ಕದ ಮಾಹುಲ್ ಬಡಾವಣೆಯ ವಿಚಾರ ಬಂದೀತು. ಅಲ್ಲಿನ ವಾಸನೆಯ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ತನಕ ಹೋಗಿತ್ತು. ವಿಒಸಿ (ಸುಲಭವಾಗಿ ಆವಿಯಾಗುವ ರಾಸಾಯನಿಕಗಳು) ಎಲ್ಲಿಂದ ಸೋರುತ್ತದೆ, ಟ್ಯಾಂಕ್, ವಾಲ್ವ್, ಲೋಡಿಂಗ್ ಜಾಗಗಳಲ್ಲಿ ಹೇಗೆ ಹಿಡೀಬಹುದು ಅಂತ ಓದಿಕೊಂಡಿರಿ. ಡೊಂಬಿವಲಿಯಲ್ಲೇ ಬೆಳೆದಿದ್ದರೆ ನಿಮಗೆ ಮರಾಠಿ ಹೇಗೂ ಬರುತ್ತೆ ಅಲ್ವಾ, ಅದನ್ನೂ ಹೇಳಿ. ಅಕ್ಕಪಕ್ಕದ ಬಸ್ತಿಯವರ ದೂರು ಕೇಳಿಸಿಕೊಳ್ಳೋಕೆ ಅದು ಬೇಕು.

ಸಂಬಳದ ಮಾತು ಎಚ್‌ಆರ್ ಎತ್ತುವ ತನಕ ಬೇಡ. ಆದರೆ ನಿಮ್ಮ ಪ್ರಶ್ನೆ ಏನಾದರೂ ಇದೆಯಾ ಅಂದರೆ ಸುಮ್ನೆ ತಲೆಯಾಡಿಸಬೇಡಿ. ಇಲ್ಲಿ ಎನ್ವಿರಾನ್ಮೆಂಟ್ ಹೆಡ್ ಯಾರಿಗೆ ರಿಪೋರ್ಟ್ ಮಾಡ್ತಾರೆ, ಪ್ರೊಡಕ್ಷನ್ ಹೆಡ್‌ಗಾ ಅಥವಾ ನೇರ ಪ್ಲಾಂಟ್ ಹೆಡ್‌ಗಾ ಅಂತ ಕೇಳಿ. ರಾತ್ರಿ ಮೀಟರ್ ದಾಟಿದಾಗ ನಿಮ್ಮ ಮಾತಿಗೆ ಎಷ್ಟು ಬೆಲೆ ಇರುತ್ತೆ ಅಂತ ಆ ಉತ್ತರದಲ್ಲೇ ಗೊತ್ತಾಗುತ್ತದೆ.